ಮೂಲ ಕೇಳುವ ಹಿರಿಯರಿಬ್ಬರಿಗೆ ಒಂದು ಬಹಿರಂಗ ಪತ್ರ

ಮಹಾಮಹಿಮರೂ ಪ್ರಾತಃಸ್ಮರಣೀಯರೂ ಆದ ಹಿರಿಯರಿಬ್ಬರ ಸನ್ನಿಧಿಗೆ ಚಾಮರಾಜಪೇಟೆಯ ಕನ್ನಡ ಅಧ್ಯಾಪಕಿ ಮಾಡುವ ಅನೇಕಾನೇಕ ನಮಸ್ಕಾರಗಳು, ಸಲಾಮುಗಳು.

ಇಬ್ಬರನ್ನೂ ಒಂದೇ ಪತ್ರದಲ್ಲಿ ಕೂಡಿಸಿ ಬರೆಯುತ್ತಿರುವುದಕ್ಕೆ ಮೊದಲೇ ಕ್ಷಮೆ ಕೋರುತ್ತೇನೆ. ತಮ್ಮಲ್ಲಿ ಒಬ್ಬರು ಬಸವನಗುಡಿಯವರು. ಕೃಷ್ಣರಾವ್ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ, ಗಾಂಧಿ ಬಜಾರಿನಲ್ಲಿ ಕಾಫಿ ಕುಡಿದು, ಎದುರಿಗೆ ಸಿಕ್ಕವರನ್ನೆಲ್ಲ "ನಿಮ್ಮದು ಮೂಲ ಯಾವ ಕಡೆ?" ಎಂದು ವಿಚಾರಿಸುವವರು. ಇನ್ನೊಬ್ಬರು ನಮ್ಮದೇ ಗಲ್ಲಿಯವರು. ಮಗ್ರಿಬ್ ನಮಾಜು ಮುಗಿಸಿ ಬರುತ್ತ ನಮ್ಮ ಮನೆಯ ಮುಂದೆ ನಿಂತು, ನಮ್ಮ ಮೂಲ ಎಂಥದ್ದು, ನಾವು ಹೇಗಿರಬೇಕಿತ್ತು, ಈಗ ಹೇಗಾಗಿದ್ದೇವೆ ಎಂದು ನೊಂದುಕೊಳ್ಳುವವರು. ಒಬ್ಬರನ್ನು ಮೇಷ್ಟ್ರೇ ಎನ್ನುತ್ತೇನೆ, ಇನ್ನೊಬ್ಬರನ್ನು ಚಾಚಾ ಎನ್ನುತ್ತೇನೆ. ತಮ್ಮಂಥವರು ಈ ಊರಿನ ಪ್ರತಿ ಬೀದಿಯಲ್ಲೂ ಇದ್ದಾರೆ. ತಾವಿಬ್ಬರೂ ಒಬ್ಬರ ಮುಖ ಒಬ್ಬರು ಕಂಡವರಲ್ಲ, ಕಂಡರೂ ಮಾತಾಡುವುದು ಅನುಮಾನ. ಆದರೆ ನನ್ನ ವಿಷಯ ಬಂದಾಗ ತಮ್ಮ ನಡುವೆ ಇರುವಷ್ಟು ಒಮ್ಮತವನ್ನು ನಾನು ಬೇರೆ ಯಾರಲ್ಲೂ ಕಾಣೆ.

ಮೇಷ್ಟ್ರೇ, ಮೊದಲು ತಮ್ಮ ಋಣದ ಮಾತು. ಹಳಗನ್ನಡ ನನಗೆ ದಕ್ಕಿದ್ದು ತಮ್ಮಂಥವರ ಮುಂದೆ ಚಾಪೆ ಹಾಸಿ ಕೂತದ್ದರಿಂದ. ಪಂಪನ ಪದ್ಯಕ್ಕೆ ಅನ್ವಯ ಮಾಡುವುದನ್ನು, ಲಘು ಗುರು ಹಾಕಿ ಗಣ ವಿಂಗಡಿಸುವುದನ್ನು, ಗದುಗಿನ ನಾರಣಪ್ಪನನ್ನು ಗಟ್ಟಿಯಾಗಿ ಓದುವುದನ್ನು ಒಂದು ಕಾಸೂ ಕೇಳದೆ ಕಲಿಸಿದಿರಿ. ಆ ಉಪಕಾರ ತೀರಿಸಲು ನನ್ನಿಂದಾಗದು. ಹಾಗೆ ಕಲಿಸಿದ ತಾವೇ ಸಭೆಯಲ್ಲಿ ನನ್ನ ಪರಿಚಯ ಹೇಳುವಾಗ, "ಎಷ್ಟು ಸ್ವಚ್ಛ ಕನ್ನಡ ಮಾತಾಡ್ತಾಳೆ ನೋಡಿ ಈ ಹೆಣ್ಣುಮಗಳು!" ಎಂದು ಅಚ್ಚರಿಪಡುತ್ತೀರಿ. ಸಭೆ ಚಪ್ಪಾಳೆ ತಟ್ಟುತ್ತದೆ. ಚಾಮರಾಜಪೇಟೆಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಓದಿ, ಕನ್ನಡ ಎಂ.ಎ. ಮಾಡಿ, ಕನ್ನಡ ಪಾಠ ಹೇಳಿ ಅನ್ನ ತಿನ್ನುವವಳಿಗೆ ಆ ಚಪ್ಪಾಳೆ ಎಷ್ಟು ನೋವು ಕೊಡುತ್ತದೆ ಎಂಬುದು ತಮ್ಮಂಥ ಸೂಕ್ಷ್ಮಜ್ಞರಿಗೆ ಹೊಳೆಯದೆ ಹೋಯಿತಲ್ಲ ಎಂಬುದೇ ನನ್ನ ಮೊದಲ ಅರಿಕೆ.

ತಮ್ಮ ಮನೆಯಿಂದ ಕೂಗಳತೆಯ ಗವೀಪುರದಲ್ಲಿ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಬಾಳಿದರು. ಅವರ ಮನೆಮಾತು ತಮಿಳು. ಬೇಂದ್ರೆಯವರದು ಮರಾಠಿ, ಕಾರ್ನಾಡರದು ಕೊಂಕಣಿ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಬಂದಾಗ, ಅಯ್ಯಂಗಾರ್ಯರು ಎಷ್ಟು ಒಳ್ಳೆಯ ಕನ್ನಡ ಬರೆಯುತ್ತಾರೆ ಎಂದು ಯಾರಾದರೂ ಬೆರಗಾದರೇ? ಮಾಸ್ತಿ ಕನ್ನಡದ ಆಸ್ತಿ ಎಂದರು, ಸರಿಯಾಗಿಯೇ ಅಂದರು. ಮನೆಯಲ್ಲಿ ತಮಿಳು ಆಡಿದವರು ಕನ್ನಡದ ಆಸ್ತಿಯಾಗಬಹುದಾದರೆ, ಮನೆಯಲ್ಲಿ ದಖನಿ ಆಡುವವಳು ಮಾತ್ರ ಏಕೆ ಕನ್ನಡದ ಅತಿಥಿ?

ಅತಿಥಿ ಸತ್ಕಾರದಲ್ಲಿ ತಾವು ಎಂದೂ ಕೊರತೆ ಮಾಡಿದವರಲ್ಲ. ನವೆಂಬರ್ ಬಂತೆಂದರೆ ತಪ್ಪದೆ ಕರೆಯುತ್ತೀರಿ. ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ. ಗೋಷ್ಠಿಯ ಹೆಸರು ಮಾತ್ರ ಬದಲಾಗುವುದಿಲ್ಲ: 'ಕನ್ನಡಕ್ಕೆ ಮುಸ್ಲಿಮರ ಕೊಡುಗೆ', ಇಲ್ಲವೇ 'ಸೌಹಾರ್ದ ಸಂಗಮ'. ಶಿಶುನಾಳ ಷರೀಫರ ಬಗ್ಗೆ ನಾಲ್ಕು ಮಾತು, ನಿಸಾರ್ ಅಹಮದರ ಬಗ್ಗೆ ನಾಲ್ಕು ಮಾತು ಹೇಳಿಸಿ, ಊಟ ಹಾಕಿ ಕಳಿಸುತ್ತೀರಿ. ಅವರಿಬ್ಬರೂ ನನಗೆ ಪ್ರಾಣ. ಆದರೆ ನಿಸಾರರ ಕವಿತೆಯನ್ನು ಅಡಿಗರ ಕವಿತೆಯ ಪಕ್ಕದಲ್ಲಿಟ್ಟು ನವ್ಯದ ಗೋಷ್ಠಿಯಲ್ಲಿ ಓದಬೇಕಲ್ಲವೇ? ನಾನು ವರ್ಷಗಟ್ಟಲೆ ಓದಿದ್ದು ಛಂದಸ್ಸು. ಛಂದಸ್ಸಿನ ಗೋಷ್ಠಿ ಏರ್ಪಡಿಸುವಾಗ ನನ್ನ ಹೆಸರು ತಮಗೆ ಇವತ್ತಿನವರೆಗೆ ನೆನಪಾಗಿಲ್ಲ. ಕೊಡುಗೆ ಕೊಡುವವರು ಎಂದರೆ ಹೊರಗಿನಿಂದ ಬಂದವರು ಎಂದೇ ಅರ್ಥ. ಮನೆಮಗಳು ಅಡುಗೆ ಮಾಡಿ ಬಡಿಸಿದರೆ ಅದನ್ನು ಕೊಡುಗೆ ಎಂದು ಯಾರೂ ಕರೆಯುವುದಿಲ್ಲ.

ಮೂಲ ಎನ್ನುತ್ತೀರಲ್ಲ, ನಾವಿಬ್ಬರೂ ಇರುವ ಈ ಬಡಾವಣೆಗಳ ಮೂಲವನ್ನೇ ನೋಡೋಣ. ಚಾಮರಾಜಪೇಟೆ ರೂಪುಗೊಂಡದ್ದು 1892ರಲ್ಲಿ. ಬಸವನಗುಡಿ, ಮಲ್ಲೇಶ್ವರಗಳು ತುಂಬಿಕೊಂಡದ್ದು 1898ರ ಪ್ಲೇಗಿಗೆ ಹೆದರಿ ಹಳೇ ಪೇಟೆ ಬಿಟ್ಟವರಿಂದ. ಮಲ್ಲೇಶ್ವರಕ್ಕೆ ಹೆಸರು ಕೊಟ್ಟ ಕಾಡುಮಲ್ಲೇಶ್ವರನಿಗೆ 1669ರ ಶಾಸನದಲ್ಲಿ ದತ್ತಿ ಬಿಟ್ಟವನು ಮರಾಠರ ವೆಂಕೋಜಿ, ಶಿವಾಜಿಯ ಮಲತಮ್ಮ. ಡಿ.ವಿ.ಜಿ. ಬಂದದ್ದು ಮುಳಬಾಗಿಲಿನಿಂದ. ಅವರು ಬುಲ್ ಟೆಂಪಲ್ ರಸ್ತೆಯಲ್ಲಿ ಕಟ್ಟಿದ ಸಾರ್ವಜನಿಕ ಸಂಸ್ಥೆಗೆ ಇಟ್ಟ ಹೆಸರು ಮಹಾರಾಷ್ಟ್ರದ ಗೋಖಲೆಯವರದು. ಆ ಹೆಸರಿಡುವಾಗ ಅವರಿಗೆ ಕನ್ನಡಕ್ಕೆ ಕುಂದು ಬಂದೀತು ಎಂಬ ಆತಂಕ ಹುಟ್ಟಿದಂತೆ ಕಾಣುವುದಿಲ್ಲ. ಎಲ್ಲರೂ ಬಂದವರೇ ಆಗಿರುವ ಕಡೆ, ಯಾರು ಬಂದವರು ಎಂದು ಕೇಳುವ ಹಕ್ಕು ತಮ್ಮೊಬ್ಬರ ಕೈಗೆ ಯಾವಾಗ ಸೇರಿತು?

ವಸ್ತುಗಳ ವಿಷಯದಲ್ಲಿ ತಮ್ಮ ಔದಾರ್ಯಕ್ಕೆ ಎಣೆಯಿಲ್ಲ. ಕಾರ್ತಿಕದ ಕೊನೆಯ ಸೋಮವಾರ ದೊಡ್ಡ ಬಸವಣ್ಣನ ಮುಂದೆ ರಾಶಿ ಬೀಳುವ ಕಡಲೆಕಾಯಿ ದಕ್ಷಿಣ ಅಮೆರಿಕದ್ದು. ತಮ್ಮ ಲೋಟದ ಕಾಫಿಯನ್ನು ಯೆಮನ್ನಿನಿಂದ ಚಿಕ್ಕಮಗಳೂರಿನ ಬೆಟ್ಟಕ್ಕೆ ತಂದವರು ಬಾಬಾ ಬುಡನ್ ಎಂದು ಪ್ರತೀತಿ. ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತದಲ್ಲಿ ತ್ಯಾಗರಾಜರ ತೆಲುಗು ಕೀರ್ತನೆಗೆ ಯೂರೋಪಿನ ಪಿಟೀಲು ಜೊತೆಗೂಡುತ್ತದೆ. ಇದನ್ನೆಲ್ಲ ತಾವೇ ನನಗೆ ಸಂತೋಷದಿಂದ ಹೇಳಿದ್ದೀರಿ. ಕಡಲೆಕಾಯಿಯ ಮೂಲ ಕೇಳದೆ ಬಸವಣ್ಣನಿಗೆ ಒಪ್ಪಿಸಿದವರು ಮನುಷ್ಯರಿಗೂ ಅಷ್ಟೇ ಸಲುಗೆ ಕೊಡಬೇಕೆಂದು ಪ್ರಾರ್ಥಿಸುತ್ತೇನೆ.

ಕನ್ನಡದ ತಿರುಳು ಎಂದು ಮಾತು ಬಂದಾಗಲೆಲ್ಲ ತಾವು ಕವಿರಾಜಮಾರ್ಗವನ್ನು ಎತ್ತುತ್ತೀರಿ. ತಾವೇ ಹೇಳಿಕೊಟ್ಟ ಗ್ರಂಥ, ಆದ್ದರಿಂದ ಧೈರ್ಯ ಮಾಡುತ್ತೇನೆ. 9ನೇ ಶತಮಾನದ ಆ ಕೃತಿ ತಿರುಳಿನ ಕನ್ನಡ ಎಂದು ಗುರುತಿಸುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಸೀಮೆಯನ್ನು. ಎಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರಗಳ ಕಡೆ. ಆ ಲೆಕ್ಕದಲ್ಲಿ ಬಸವನಗುಡಿಯೂ ತಿರುಳಿನ ಹೊರಗೆ, ಚಾಮರಾಜಪೇಟೆಯೂ ಹೊರಗೆ. ಅದನ್ನು ಬರೆದ ಶ್ರೀವಿಜಯನ ಮುಂದೆ ತಾವೂ ನಾನೂ ಒಂದೇ ಪಂಕ್ತಿ. ಇಷ್ಟಕ್ಕೂ ಅವನು ಆ ಸೀಮೆಯನ್ನು ಹೇಳಿದ್ದು ಯಾರನ್ನೂ ಹೊರಗಿಡಲು ಅಲ್ಲ. ಕನ್ನಡ ಊರೂರಿಗೆ ಬೇರೆಯಾಗುವುದರಿಂದ ಅದರ ದೋಷಗಳನ್ನು ಲೆಕ್ಕ ಹಾಕಿ ಮುಗಿಸಲು ವಾಸುಕಿಗೂ ಆಗದು, ಅವನಿಗೂ ಬೇಸರವಾದೀತು ಎಂದು ಅದೇ ಗ್ರಂಥ ಒಪ್ಪಿಕೊಳ್ಳುತ್ತದೆ. ನಮಗೆ ಸಿಕ್ಕಿರುವ ಕನ್ನಡದ ಮೊಟ್ಟಮೊದಲ ಪುಸ್ತಕ, ದಂಡಿಯ ಸಂಸ್ಕೃತ ಲಕ್ಷಣಗ್ರಂಥದ ಆಸರೆ ಹಿಡಿದು ಹುಟ್ಟಿದ ಪುಸ್ತಕ, ಒಂದೇ ಕನ್ನಡ ಎಂಬುದಿಲ್ಲ ಎಂದು ತಿಳಿದುಕೊಂಡೇ ಬರೆಸಿಕೊಂಡಿತು. ಇನ್ನೂ ಒಂದು ಸಂಗತಿ. ಅದು ಹುಟ್ಟಿದ ರಾಷ್ಟ್ರಕೂಟರ ಕಾಲದಲ್ಲೇ, 851ರಲ್ಲಿ, ಸುಲೈಮಾನ್ ಎಂಬ ವರ್ತಕನ ಹೆಸರಿನಲ್ಲಿರುವ ಅರಬ್ಬೀ ವೃತ್ತಾಂತವೊಂದು 'ಬಲ್ಹರಾ' ಎಂಬ ದೊರೆಯನ್ನು ಅರಬರ ಮಿತ್ರನೆಂದು ಕೊಂಡಾಡಿತು. ಆ ಬಲ್ಹರಾ ನಮ್ಮ ರಾಷ್ಟ್ರಕೂಟ ದೊರೆಯೇ. ಕನ್ನಡದ ಆದಿಗ್ರಂಥಕ್ಕೂ ಅರಬರ ಆ ಹೊಗಳಿಕೆಗೂ ಒಂದೇ ಅರಮನೆ ನೆರಳಾಗಿತ್ತು. ಚಾಚಾ, ಈ ಕೊನೆಯ ಮಾತನ್ನು ತಾವೂ ನೆನಪಿನಲ್ಲಿ ಇಟ್ಟುಕೊಳ್ಳಬೇಕಾಗಿ ವಿನಂತಿ.

ಚಾಚಾ, ತಮ್ಮ ಪ್ರೀತಿಯ ಋಣವೂ ಚಿಕ್ಕದಲ್ಲ. ಅಬ್ಬಾ ತೀರಿಕೊಂಡಾಗ ಮಯ್ಯತ್ತಿನ ಕೆಲಸವನ್ನೆಲ್ಲ ಹೆಗಲ ಮೇಲೆ ಹಾಕಿಕೊಂಡವರು ತಾವು. ಅಮ್ಮಿಗೆ ಹೇಳದೆ ಮನೆಗೆ ಅಕ್ಕಿ ಕಳಿಸಿದವರು ತಾವು. ಆಮೇಲೆ, ನಲವತ್ತನೇ ದಿನದ ಫಾತಿಹಾ ನಮ್ಮದಲ್ಲ ಎಂದಿರಿ. ದಾದಿ ಸಾಯುವವರೆಗೆ ಉಟ್ಟ ಸೀರೆ ನಮ್ಮದಲ್ಲ ಎಂದಿರಿ. ಉರುಸಿನ ಕವ್ವಾಲಿ, ಯುಗಾದಿಗೆ ಪಕ್ಕದ ಮನೆಯಿಂದ ಬರುವ ಒಬ್ಬಟ್ಟು, ಕನ್ನಡದಲ್ಲಿ ಅಚ್ಚು ಹಾಕಿಸಿದ ನಿಕಾಹ್ ಪತ್ರಿಕೆ, ಒಂದೊಂದನ್ನೂ ಅಕ್ಕರೆಯಿಂದಲೇ ನಮ್ಮ ಕೈಯಿಂದ ಬಿಡಿಸಿದಿರಿ. ನಾವಾಡುವ ದಖನಿಯನ್ನು ಕೆಟ್ಟ ಉರ್ದು ಎಂದು ತಿದ್ದಿದಿರಿ. ದೆಹಲಿಯ ಕವಿಗಳು ಫಾರಸಿಯ ಮೋಹ ಬಿಟ್ಟು ಉರ್ದುವಿಗೆ ಹೊರಳುವುದಕ್ಕೆ ಎಷ್ಟೋ ಮೊದಲೇ, ವಿಜಯಪುರದ ಎರಡನೇ ಇಬ್ರಾಹಿಂ ಆದಿಲ್‌ಶಾಹ ಆ ದಖನಿಯಲ್ಲಿ ಸರಸ್ವತಿಯನ್ನು ನೆನೆದು ಕಿತಾಬ್-ಎ-ನವರಸ್ ಬರೆದಿದ್ದ. ಅದಕ್ಕೂ ಹಿಂದೆ ಕಲಬುರಗಿಯ ಬಂದೇನವಾಜರಿದ್ದರು. ಈ ನೆಲದಲ್ಲಿ ನಮ್ಮವರು ಇಷ್ಟು ಶತಮಾನ ಬಾಳಿದ್ದರಲ್ಲಿ ಏನೇನನ್ನು ಉಳಿಸಿಕೊಳ್ಳಲು ತಮ್ಮ ಅಪ್ಪಣೆಯಿದೆ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರೆ ಉಪಕಾರವಾಗುತ್ತದೆ. ಬಿಡಬೇಕಾದದ್ದರ ಪಟ್ಟಿ ಆಗಲೇ ಬಾಯಿಪಾಠವಾಗಿದೆ.

ನಮ್ಮ ನಿಜವಾದ ಗುಣ ಅರಬರ ನಾಡಿನಲ್ಲಿದೆ, ಅದು ಎಂದೂ ಬದಲಾಗಿಲ್ಲ, ಬದಲಾಗಬಾರದು ಎನ್ನುತ್ತೀರಿ. ಆದರೆ ಆ ನಾಡಿನ ವಿದ್ವಾಂಸರೇ ಅರ್ಧ ಶತಮಾನದಿಂದ ಇದೇ ಮಾತಿನ ಮೇಲೆ ಕಾದಾಡುತ್ತಿದ್ದಾರೆ ಚಾಚಾ. 1967ರ ಜೂನ್ ಯುದ್ಧದಲ್ಲಿ ಸೋತ ಮೇಲೆ ನಾವು ಯಾರು, ಎಲ್ಲಿ ತಪ್ಪಿದೆವು ಎಂಬ ಪ್ರಶ್ನೆ ಅವರ ನಿದ್ದೆ ಕೆಡಿಸಿತು. ಶುದ್ಧ ಮೂಲಕ್ಕೆ ಮರಳಿದರೆ ಎಲ್ಲ ಸರಿಹೋಗುತ್ತದೆ ಎಂದು ಕೆಲವರು ತಮ್ಮಂತೆಯೇ ನಂಬಿದರು. ದಮಾಸ್ಕಸ್‌ನ ಸಾದಿಕ್ ಜಲಾಲ್ ಅಲ್ ಅಜ್ಮ್ ನಂಬಲಿಲ್ಲ. 1969ರಲ್ಲಿ ಧಾರ್ಮಿಕ ಚಿಂತನೆಯನ್ನು ವಿಮರ್ಶಿಸಿ ಪುಸ್ತಕ ಬರೆದದ್ದಕ್ಕೆ ಬೈರೂತಿನಲ್ಲಿ ಸೆರೆಮನೆ ಕಂಡು, ವಿಚಾರಣೆ ಎದುರಿಸಿ ಬಿಡುಗಡೆಯಾದವರು ಅವರು. ಪೂರ್ವದ ಜನರಿಗೆ ಒಂದು ಬದಲಾಗದ ಸ್ವಭಾವವಿದೆ ಎಂದು ಪಶ್ಚಿಮದವರು ಹೇಗೆ ಕಟ್ಟಿಕೊಂಡರು ಎಂಬುದನ್ನು ಎಡ್ವರ್ಡ್ ಸೈದ್ 1978ರಲ್ಲಿ ಬಿಡಿಸಿ ತೋರಿಸಿದರಲ್ಲ, ಅದಕ್ಕೆ ಇನ್ನೊಂದು ಮಗ್ಗುಲಿದೆ ಎಂದು 1981ರಲ್ಲಿ ಅಲ್ ಅಜ್ಮ್ ಬರೆದರು. ಪಶ್ಚಿಮದವರು ಹೀನವೆಂದು ಅಂಟಿಸಿದ ಆ ಸ್ವಭಾವವನ್ನೇ ನಮ್ಮವರು ಹಿರಿಮೆಯೆಂದು ಧರಿಸಿಕೊಂಡರು. ಬೈಗುಳ ಬಿರುದಾಯಿತೇ ಹೊರತು ಒಳಗಿನ ಎಣಿಕೆ ಒಂದಿಷ್ಟೂ ಬದಲಾಗಲಿಲ್ಲ ಎಂಬುದು ಅವರ ವಾದ.

ಅದನ್ನು ಓದುವಾಗ ತಾವಿಬ್ಬರೂ ನನ್ನ ಕಣ್ಣ ಮುಂದೆ ಬಂದಿರಿ. ಇವಳು ಎಷ್ಟೇ ಕನ್ನಡ ಓದಲಿ, ಒಳಗೆ ಇರುವುದು ಬೇರೆಯೇ ಎಂದು ಮೇಷ್ಟ್ರು ಅನುಮಾನದಿಂದ ನೋಡುತ್ತಾರೆ. ಇವಳು ಎಷ್ಟೇ ಕನ್ನಡ ಓದಲಿ, ಒಳಗೆ ಇರುವುದು ಬೇರೆಯೇ ಎಂದು ತಾವು ಅಭಿಮಾನದಿಂದ ಹೇಳುತ್ತೀರಿ. ನನ್ನೊಳಗೆ ಏನಿದೆ ಎಂದು ನನ್ನನ್ನು ಕೇಳುವ ತೊಂದರೆಯನ್ನು ಇಬ್ಬರೂ ತೆಗೆದುಕೊಂಡಿಲ್ಲ.

ಮೊರಾಕ್ಕೋದ ಮೊಹಮ್ಮದ್ ಆಬಿದ್ ಅಲ್ ಜಾಬ್ರಿ 1984ರಿಂದ ಮುಂದಕ್ಕೆ ಅರಬರ ಬುದ್ಧಿಯ ವಿಮರ್ಶೆ ಎಂದು ಸಂಪುಟಗಳನ್ನೇ ಬರೆದರು. ಪಡುವಣ ಸೀಮೆಯ ತತ್ತ್ವಜ್ಞಾನಿ ಇಬ್ನ್ ರುಶ್ದ್‌ನದು ತರ್ಕದ ದಾರಿ, ಪೂರ್ವದ ಇಬ್ನ್ ಸೀನಾನದು ಅನುಭಾವದ ದಾರಿ ಎಂದು ಗೆರೆ ಎಳೆದರು. ಮೊದಲು ಅದನ್ನು ಮೆಚ್ಚಿದ್ದ ಸಿರಿಯಾದ ಜಾರ್ಜ್ ತರಾಬೀಶಿ ಆಮೇಲೆ ಒಂದೊಂದೇ ಆಧಾರವನ್ನು ತೆರೆದು ನೋಡಿ, ಈ ಗೆರೆ ನಿಲ್ಲುವುದಿಲ್ಲ ಎಂದು ತಮ್ಮ ಬಾಳಿನ ಎಷ್ಟೋ ವರ್ಷಗಳನ್ನು ಉತ್ತರ ಬರೆಯುವುದರಲ್ಲಿ ಕಳೆದರು. ಅಲ್ ಜಾಬ್ರಿ ಅರಬರಲ್ಲದ ಅಮಜೀಗ್ ಮನೆತನದವರು, ತರಾಬೀಶಿ ಅಲೆಪ್ಪೊದ ಕ್ರೈಸ್ತರು. ತಾವು ಬಯಸುವ ಅಚ್ಚಿನಲ್ಲಿ ಇಬ್ಬರೂ ಕೂರುವುದಿಲ್ಲ. ಅರಬ್ಬೀ ವ್ಯಾಕರಣಕ್ಕೆ ಅಡಿಗಲ್ಲು ಹಾಕಿದ ಸೀಬವೈಹಿ ಪರ್ಷಿಯಾದವನು. ಬಾಗ್ದಾದಿನಲ್ಲಿ ಗ್ರೀಕರ ವೈದ್ಯಗ್ರಂಥಗಳನ್ನು ಅರಬ್ಬಿಗೆ ತಂದ ಹುನೈನ್ ಇಬ್ನ್ ಇಸ್‌ಹಾಕ್ ಕ್ರೈಸ್ತ. ಮೇಷ್ಟ್ರ ಕಪಾಟಿನಲ್ಲಿ ಮೇಲಿನ ಅರೆಯಲ್ಲಿರುವ 1894ರ ನಿಘಂಟನ್ನು ಕಟ್ಟಿದ ಕಿಟೆಲ್ ಜರ್ಮನಿಯವರು. ಅರಬ್ಬಿಯನ್ನೂ ಕನ್ನಡವನ್ನೂ ಹೀಗೆ ಬೇರೆ ಮನೆಯವರು ಬಂದು ದುಡಿದು ಬೆಳೆಸಿದರು. ಅವರನ್ನು ಕಳೆದು ಉಳಿಯುವುದನ್ನು ಶುದ್ಧ ಎಂದು ಕರೆಯುವುದಾದರೆ ನಮ್ಮ ಕೈಗೆ ಎಷ್ಟು ಉಳಿದೀತು?

ಈ ಊರಿನವರೇ ಆದ ತಮ್ಮಿಬ್ಬರಿಗೂ ಕರಗದ ವಿಷಯ ನಾನು ಹೇಳಬೇಕಿಲ್ಲ. ಚೈತ್ರದ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಟ ಕರಗ ಕಾಟನ್‌ಪೇಟೆಯ ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಬಂದು ಮುಂದೆ ಸಾಗುತ್ತದೆ. 2022ರಲ್ಲಿ ಅದು ಅಲ್ಲಿಗೆ ಹೋಗಕೂಡದು ಎಂದು ಕೆಲವರು ಪಟ್ಟು ಹಿಡಿದರು. ಗುಡಿಯವರು ಒಪ್ಪಲಿಲ್ಲ, ನಡೆದುಬಂದದ್ದು ನಡೆಯಿತು. ಮೇಷ್ಟ್ರೇ, ಆಗ ತಾವು ಒಂದು ಮಾತೂ ಆಡದೆ ಉಳಿದಿರಿ. ಚಾಚಾ, ತಾವು ಆಡಿದಿರಿ: ದರ್ಗಾಕ್ಕೆ ಮುಸಲ್ಮಾನರೇ ಹೋಗಬಾರದು, ಕರಗ ಬಂದರೇನು ಬಿಟ್ಟರೇನು ಎಂದಿರಿ. ನಮ್ಮ ತಾತ ಮುತ್ತಾತಂದಿರು ಆ ರಾತ್ರಿ ನಿದ್ದೆಗೆಟ್ಟು ಕಾಯುತ್ತಿದ್ದ ಬಾಗಿಲನ್ನು ಮುಚ್ಚಲು ಎರಡು ಕಡೆಯಿಂದಲೂ ಕೈ ನೆರವಾದವು.

ಕತೆಗಾರ್ತಿ ಬಾನು ಮುಷ್ತಾಕ್ ಅವರಿಗೂ ಇದೇ ಆಯಿತು. ಹೆಂಗಸರು ಮಸೀದಿಗೆ ಹೋಗುವ ಹಕ್ಕಿನ ಪರವಾಗಿ ಮಾತಾಡಿದ್ದಕ್ಕೆ 2000ದಲ್ಲಿ ಅವರ ಮನೆಯವರು ಬಹಿಷ್ಕಾರ ಉಂಡರು. 2025ರ ಮೇ ತಿಂಗಳಲ್ಲಿ, ದೀಪಾ ಭಾಸ್ತಿಯವರ ಅನುವಾದದಲ್ಲಿ, ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಬಂತು. ಕನ್ನಡದ ಪುಸ್ತಕಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆ ವರ್ಷದ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ, ಕರೆಯಬಾರದಿತ್ತು ಎಂದು ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಅರ್ಜಿಗಳು ಹೋದವು. ಎರಡೂ ಕಡೆ ವಜಾ ಆದ ಮೇಲೆ ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ಮಾಡಿದರು. 2017ರಲ್ಲಿ ನಿಸಾರ್ ಅಹಮದರು ಮಾಡಿದ್ದ ಕೆಲಸವನ್ನೇ ಅವರೂ ಮಾಡಿದ್ದು. ಒಬ್ಬರ ಕಣ್ಣಿಗೆ ದೀನಿನಿಂದ ಜಾರಿದವರು, ಇನ್ನೊಬ್ಬರ ಕಣ್ಣಿಗೆ ನಾಡಿಗೆ ಸಲ್ಲದವರು. ಆ ಕತೆಗಳನ್ನು ತಾವಿಬ್ಬರೂ ಓದಿದ್ದೀರಾ ಎಂದು ಕೈಮುಗಿದು ಕೇಳುತ್ತೇನೆ. ಮೇಷ್ಟ್ರೇ, ಕಾಸರಗೋಡಿನಲ್ಲಿ ಹುಟ್ಟಿದ ಸಾರಾ ಅಬೂಬಕ್ಕರರ 'ಚಂದ್ರಗಿರಿಯ ತೀರದಲ್ಲಿ' ಮೊದಲು ಧಾರಾವಾಹಿಯಾಗಿ ಬಂದದ್ದು ತಮ್ಮ ಬಸವನಗುಡಿಯಿಂದ ಹೊರಡುತ್ತಿದ್ದ ಲಂಕೇಶ್ ಪತ್ರಿಕೆಯಲ್ಲಿ. ಲಂಕೇಶರು ಅದನ್ನು ಕತೆಯಾಗಿಯೇ ಅಚ್ಚು ಹಾಕಿದರು.

ತಮ್ಮ ಭಯ ನನಗೂ ಇದೆ ಮೇಷ್ಟ್ರೇ. ಗಾಂಧಿ ಬಜಾರಿನಲ್ಲಿ ಕನ್ನಡ ಕಿವಿಗೆ ಬೀಳುವುದು ಕಡಿಮೆಯಾದಾಗ ನನ್ನ ಹೊಟ್ಟೆಯೂ ಉರಿಯುತ್ತದೆ. ಅಂಗಡಿಯ ಬೋರ್ಡಿನಲ್ಲಿ ನೂರಕ್ಕೆ 60ರಷ್ಟು ಕನ್ನಡವಿರಬೇಕೆಂದು 2024ರಲ್ಲಿ ಕಾನೂನು ಬಂದಾಗ ನಮ್ಮ ಬೀದಿಯಲ್ಲಿ ಅಂಗಡಿ ಅಂಗಡಿಗೆ ಹೋಗಿ ಹೇಳಿದವಳು ನಾನು. ಇಲ್ಲಿ ಬಾಳುವವರು ಕನ್ನಡ ಕಲಿಯಲಿ ಎಂದು ಜೋರಾಗಿ ಹೇಳೋಣ, ಜೊತೆಗೇ ಹೇಳೋಣ. ಭಾಷೆಯನ್ನು ಯಾರು ಬೇಕಾದರೂ ಕಲಿಯಬಹುದು. ತಾತನನ್ನು ಬದಲಾಯಿಸಿಕೊಳ್ಳಲು ಯಾರಿಂದಲೂ ಆಗದು. ಆ ಎರಡನ್ನೂ ಒಂದೇ ಉಸಿರಿನಲ್ಲಿ ಕೇಳಿದಾಗ ಏನಾಗುತ್ತದೆ ಎಂದು ಈ ಊರು ಒಮ್ಮೆ ನೋಡಿದೆ. 1994ರ ಅಕ್ಟೋಬರಿನಲ್ಲಿ ದೂರದರ್ಶನ ಹತ್ತು ನಿಮಿಷದ ಉರ್ದು ವಾರ್ತೆ ಶುರು ಮಾಡಿದಾಗ ಇಲ್ಲಿ ಇಪ್ಪತ್ತಕ್ಕೂ ಹೆಚ್ಚು ಜೀವಗಳು ಹೋದವು. ಕನ್ನಡಕ್ಕೆ ಅದರಿಂದ ಏನು ಸಿಕ್ಕಿತು ಎಂದು ಇಷ್ಟು ವರ್ಷದ ಮೇಲಾದರೂ ತಾವು ಹೇಳಬೇಕು. ಅಂದು ಸತ್ತವರ ಮಕ್ಕಳು ಈಗಲೂ ಇದೇ ಊರಿನಲ್ಲಿ ಕನ್ನಡ ಮಾತಾಡಿಕೊಂಡು ಬದುಕುತ್ತಿದ್ದಾರೆ.

ಇನ್ನು ನನ್ನ ಬಿನ್ನಹಗಳು. ಚಾಚಾ, ನನ್ನ ಮಗಳು ಗಮಕ ಕಲಿಯಲು ಸೇರಿದ್ದಾಳೆ. ಅವಳನ್ನು ಗಲ್ಲಿಯಲ್ಲಿ ನಿಲ್ಲಿಸಿ ಇದು ನಮ್ಮದಲ್ಲ ಬೇಟಿ ಎಂದು ಹೇಳಬೇಡಿ. ಹೇಳಲೇಬೇಕೆನಿಸಿದರೆ ಮನೆಗೆ ಬನ್ನಿ, ಚಹಾ ಮಾಡುತ್ತೇನೆ, ಇಶಾ ನಮಾಜಿನವರೆಗೆ ಕೂತು ವಾದ ಮಾಡೋಣ. ಮೇಷ್ಟ್ರೇ, ಅವಳು ತಮ್ಮ ಮುಂದೆ ಓದಿದಾಗ ಯತಿ ತಪ್ಪಿದರೆ ಗದರಿ ತಿದ್ದಿ, ಬೆರಗಾಗಬೇಡಿ.

ನನ್ನ ಮಟ್ಟಿಗೆ ಒಂದೇ ಕೋರಿಕೆ. ಕುಮಾರವ್ಯಾಸನ ಭಾಮಿನಿಯಲ್ಲಿ ಮೂರು ನಾಲ್ಕು ಮಾತ್ರೆಗಳ ನಡೆ ಯುದ್ಧದ ಪದ್ಯಗಳಿಗೆ ಬಂದಾಗ ಹೇಗೆ ಬೇರೆಯಾಗಿ ಕೇಳಿಸುತ್ತದೆ ಎಂಬುದರ ಮೇಲೆ ನನ್ನ ಪ್ರಬಂಧ ಸಿದ್ಧವಾಗಿದೆ. ಬರುವ ನವೆಂಬರಿನಲ್ಲಿ ಛಂದಸ್ಸಿನ ಗೋಷ್ಠಿಯಲ್ಲಿ ನಲವತ್ತು ನಿಮಿಷ ಕೊಡಿ. ವಾದದಲ್ಲಿ ಹುರುಳಿಲ್ಲವೆನಿಸಿದರೆ ಅಲ್ಲೇ ಸಭೆಯಲ್ಲೇ ಖಂಡಿಸಿ. ಶಾಲು ಬೇಡ.

ಇತಿ ತಮ್ಮಿಬ್ಬರ ವಿಧೇಯಳು,
ಕನ್ನಡ ಅಧ್ಯಾಪಕಿ, ಚಾಮರಾಜಪೇಟೆ